ಮೂವತ್ತೇಳನೇ ಸರಪಳಿ

ಜನವರಿ 5

ಸರಪಳಿ ಮಾವನಿಗೆ,

ಒಂದು ವಿಷಯವನ್ನು ಬಿಟ್ಟೇ ಬರೆಯೋಣ ಎಂದುಕೊಂಡಿದ್ದೆ. ಎರಡು ಹಾಳೆ ಹರಿದು ಹಾಕಿದ ಮೇಲೆ, ಅದನ್ನೇ ಮೊದಲು ಹೇಳಿಬಿಡುವುದು ಒಳ್ಳೆಯದೆಂದು ತೋರಿತು. ಅಪ್ಪನ ಅಳತೆ ಪುಸ್ತಕದ ಅರವತ್ತೊಂದನೇ ಪುಟ ಅಪ್ಪ ಬರೆದದ್ದಲ್ಲ. ನಾನು ಬರೆದದ್ದು. ಏಳಕ್ಕೆ ಅಡ್ಡಗೆರೆ ಹಾಕುವ ಅಭ್ಯಾಸ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅದನ್ನು ನನಗೆ ಕಲಿಸಿದ್ದು ಇಂಗ್ಲಿಷ್ ಶಾಲೆಯ ಗಣಿತದ ಟೀಚರು.

ನಾನು ಯಾರೆಂದು ನಿಮಗೆ ನೆನಪಿದೆಯೋ ಇಲ್ಲವೋ. ಸರ್ವೇಯರ ಮಗಳು. ಹತ್ತು ವರ್ಷದವಳಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಮೂರು ವಾರ ಬೆಟ್ಟದ ಮೇಲೆ ನಿಮ್ಮ ಡೇರೆಯ ಪಕ್ಕ ಇದ್ದವಳು. ನೀವು ನನ್ನನ್ನು ಅಂಕಿಪುಟ್ಟಿ ಎನ್ನುತ್ತಿದ್ದಿರಿ. ಈಗ ನನಗೆ ನಲವತ್ತಾರು. ನಕ್ಷೆ ಕಚೇರಿಯಲ್ಲಿ, ಅಪ್ಪ ಕೂರುತ್ತಿದ್ದ ಮಹಡಿಯಲ್ಲೇ, ಅವರ ಮೇಜಿನಿಂದ ಎರಡು ಮೇಜು ಆಚೆ ಕೂರುತ್ತೇನೆ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಆಗ ನೀವು ಕಳಿಸಿದ ಕಾರ್ಡು ಅಮ್ಮನ ಪೆಟ್ಟಿಗೆಯಲ್ಲಿದೆ. ನೀವು ನೆಲ ಅಳೆಯುವ ಸರಪಳಿ ಎಳೆಯುವುದನ್ನು ಬಿಟ್ಟು ಬೆಂಕಿ ಕಾಯುವ ಗೋಪುರ ಸೇರಿದ್ದೀರಿ ಎಂದು ಅದರಿಂದಲೇ ತಿಳಿದದ್ದು. ಅಲ್ಲಿಗೆ ಫೋನು ಸಿಗುವುದಿಲ್ಲವಂತೆ, ಅದಕ್ಕೇ ಪತ್ರ.

ನಿಮ್ಮ ಬೆಟ್ಟದ ನಕ್ಷೆಯನ್ನು ಹೊಸದಾಗಿ ಅಚ್ಚು ಹಾಕಿಸುತ್ತಿದ್ದೇವೆ. ಏಪ್ರಿಲ್ 21ಕ್ಕೆ ಅದು ಮುದ್ರಣಕ್ಕೆ ಹೋಗಬೇಕು. ಎಲ್ಲ ಸರಿಯಿದೆ, ಒಂದು ಗೆರೆ ಬಿಟ್ಟು. ಮೇಲಿನ ಕಲ್ಲುಗುಪ್ಪೆಯಿಂದ ಹೊರಟು ಕಮರಿಯ ಹತ್ತಿರ ಅಪ್ಪ ಗುರುತು ಕೆತ್ತಿದ ಸಾಕ್ಷಿಮರಕ್ಕೆ ಇಳಿಯುವ ಕಾಡಿನ ಗಡಿ. ಪುಸ್ತಕದಲ್ಲಿ "37 ಸರಪಳಿ, ಸಾಕ್ಷಿಮರ" ಎಂದಿದೆ. ಮೂವತ್ತೇಳು ಸರಿಯಾದರೆ ಗೆರೆ ಕಮರಿಯನ್ನು ದಾಟಿ ಆಚೆ ದಡಕ್ಕೆ ಹೋಗುತ್ತದೆ, ಕಮರಿಯ ಮರಗಳೆಲ್ಲ ಕಾಡಿನ ಒಳಗೆ ಉಳಿಯುತ್ತವೆ. ಈಚೆ ದಡದಲ್ಲೇ ನಿಂತರೆ ಅವೆಲ್ಲ ಹೊರಗೆ. ಹೊರಗಾದರೆ ಕಲ್ಲುಕೋರೆಯವರಿಗೆ. ಅವರ ಅರ್ಜಿ ಆಗಲೇ ನಮ್ಮ ಮುಖ್ಯಸ್ಥೆಯ ಮೇಜಿನ ಮೇಲಿದೆ. ಅವರು ಈಚೆ ದಡದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಟ್ಟಿದ್ದಾರೆ. "ಮರ ತೋರಿಸಿದರೆ ಅಳಿಸ್ತೀನಿ, ಇಲ್ಲದಿದ್ದರೆ ಇದಕ್ಕೇ ಇಂಕು" ಎಂದಿದ್ದಾರೆ. ನೆಲದ ಮೇಲಿನ ಗುರುತು ಸಿಕ್ಕಿದರೆ ಅದೇ ಗಡಿ, ಇದು ನಮ್ಮ ಕಚೇರಿಯ ಹಳೆಯ ನಿಯಮ.

ಆ ದಿನದ್ದು ನನಗೆ ತುಂಡುತುಂಡಾಗಿ ನೆನಪಿದೆ. ಮಂಜು. ಅಪ್ಪ ಮೇಲೆ ದಿಕ್ಕು ತೋರಿಸುತ್ತ ಬಾವುಟ ಹಿಡಿದಿದ್ದರು. ಬಟ್ಟೆ ಕಾಣುತ್ತಿತ್ತು, ಅಪ್ಪ ಕಾಣುತ್ತಿರಲಿಲ್ಲ. ಸರಪಳಿಯ ಮೇಲಿನ ತುದಿ ನಿಮ್ಮ ಕೈಯಲ್ಲಿ. ಕೆಳಗಿನ ತುದಿಯವನು ಕಾಲು ಉಳುಕಿಸಿಕೊಂಡಿದ್ದನೆಂದು ಅದು ನನ್ನ ಕೈಯಲ್ಲಿ. ಆಮೇಲೆ ಒಂದು ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದೇನೆ, ಅಪ್ಪನ ಅಂಗೈ ನನ್ನ ತಲೆಯ ಮೇಲಿದೆ, ಕೂದಲಿಗೆ ತೊಗಟೆಯ ಚೂರು ಉದುರುತ್ತಿದೆ. ಇವೆರಡರ ನಡುವೆ ಎಲ್ಲೋ ನಾನು ಗಾಳಿಯಲ್ಲಿ ತೇಲುತ್ತ ಹೋದಂತೆ, ಬಹಳ ಕೆಳಗೆ ನೀರು ಹರಿಯುವ ಸದ್ದು. ಇದು ಕನಸಿರಬೇಕು. ಈಗಲೂ ಜ್ವರ ಬಂದಾಗ ಆ ಸದ್ದು ಕೇಳುತ್ತದೆ.

ನಿಮ್ಮಲ್ಲಿ ಕೇಳುವುದು ಎರಡೇ. ಆ ಮರ ಇದೆಯೇ? ಮೂವತ್ತೇಳು ಸರಿಯೇ?

ನಿಮ್ಮ
ಅಂಕಿಪುಟ್ಟಿ


ಜನವರಿ 23

ಅಂಕಿಪುಟ್ಟಿಗೆ ಆಶೀರ್ವಾದ.

ನೆನಪಿದೆಯೋ ಇಲ್ಲವೋ ಎಂದು ಬರೆದಿದ್ದೀಯ. ಡೇರೆಯ ಸಕ್ಕರೆ ಡಬ್ಬಿ ಖಾಲಿ ಮಾಡಿ ಅದರಲ್ಲಿ ಕಪ್ಪೆ ಸಾಕಿದವಳನ್ನು ಮರೆಯುವುದು ಹೇಗೆ?

ಮೂವತ್ತೇಳು ಸರಿ. ನಿಮ್ಮಪ್ಪ ಕೆಳಗೆ ಸಹಿ ಹಾಕಿದ್ದಾರೆ. ಮರ ಇದೆ. ಈಗ ಮಂಜು ಬಹಳ, ಹುಡುಕಲು ಆಗದು.

ಕಮರಿ ಹಾಗೇ ಇದೆ. ಹಿಂದೆ ಉಪ್ಪು ಹೊತ್ತ ಹೇಸರಗತ್ತೆಗಳು ಅದನ್ನು ಸುತ್ತಿಕೊಂಡು ಹೋಗುತ್ತಿದ್ದವು, ಇಳಿಯುತ್ತಿರಲಿಲ್ಲ. ಇದ್ದಿಲು ಸುಡುವವರು ಬಂದು ಬೆಟ್ಟವನ್ನೆಲ್ಲ ಬೋಳಿಸಿದಾಗಲೂ ಕಮರಿಗೆ ಕೈ ಹಾಕಲಿಲ್ಲ. ಕಡಿದದ್ದನ್ನು ಮೇಲೆ ಹೊರುವವರು ಯಾರು? ಈಗ ಮೇಲೆ ಇರುವ ಕಾಡೆಲ್ಲ ಕಮರಿಯಿಂದ ಹತ್ತಿ ಬಂದ ಬೀಜದ್ದು. ಇದು ನಿಮ್ಮಪ್ಪ ಹೇಳುತ್ತಿದ್ದ ಮಾತು.

ಅಮ್ಮನಿಗೆ ನಮಸ್ಕಾರ ಹೇಳು. ಅನುಮಾನ ಪಡಬೇಡ.

ಸರಪಳಿ ಮಾವ


ಫೆಬ್ರವರಿ 1

ಮಾವ,

ನಿಮ್ಮ ಪತ್ರ ಬಂತು. ಅಕ್ಷರಗಳು ಬೆರಳುದ್ದ, ಒಂದು ಸಾಲು ಇನ್ನೊಂದರ ಮೇಲೆ ಹತ್ತಿದೆ. ಅವಸರದಲ್ಲಿ ಬರೆದಿದ್ದೀರಿ ಎನಿಸಿತು. ನಾನು ತೊಂದರೆ ಕೊಡುತ್ತಿದ್ದರೆ ಹೇಳಿ.

ಕಮರಿಯ ಬಗ್ಗೆ ನೀವು ಬರೆದದ್ದನ್ನು ಓದಿ ಹಳೆಯ ನಕ್ಷೆಗಳ ಕೋಣೆಗೆ ಹೋದೆ. ಅಲ್ಲಿ ಉದ್ದನೆಯ ಕಬ್ಬಿಣದ ಡ್ರಾಯರುಗಳಿವೆ, ಎಳೆದರೆ ಕೀರಲು ಸದ್ದು. ಎಲ್ಲಕ್ಕಿಂತ ಹಳೆಯ ಹಾಳೆಯಲ್ಲಿ ನಿಮ್ಮ ಬೆಟ್ಟ ಇರುವ ಜಾಗ ಬರೀ ಬಿಳಿ, ನಡುವೆ ಸಣ್ಣ ಅಕ್ಷರದಲ್ಲಿ "ಮೋಡ" ಎಂದು ಬರೆದಿದೆ. ಅಳೆಯಲು ಬಂದವರು ಎಷ್ಟು ದಿನ ಕಾದು ಹಿಂತಿರುಗಿದರೋ. ಎರಡನೆಯದರಲ್ಲಿ ಹೇಸರಗತ್ತೆಗಳ ದಾರಿ, ದಾರದಂತೆ. ಮೂರನೆಯದರಲ್ಲಿ ಇದ್ದಿಲಿನ ಗೂಡುಗಳು, ನೂರಾರು ಚುಕ್ಕಿ, ಮರದ ಗುರುತು ಒಂದೂ ಇಲ್ಲ, ಕಮರಿಯಲ್ಲಿ ಬಿಟ್ಟು. ನಾಲ್ಕನೆಯದು ಅಪ್ಪನದು; ಮತ್ತೆ ಎಲ್ಲ ಹಸಿರು. ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಕಾಡು ಉಸಿರಾಡಿದಂತೆ ಕಂಡಿತು, ಒಮ್ಮೆ ಒಳಗೆ, ಒಮ್ಮೆ ಹೊರಗೆ. ಕಮರಿ ಮಾತ್ರ ನಾಲ್ಕರಲ್ಲೂ ಇದ್ದಲ್ಲೇ ಇತ್ತು. ಅದಕ್ಕೆ ಯಾರೂ ಹೆಸರಿಟ್ಟಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಮಾಡಬಾರದಿತ್ತೇನೋ. ನಮ್ಮ ಮನೆಯ ಹಿಂದಿನ ಓಣಿ ಕಡಿದಾದ ಇಳಿಜಾರು. ಭಾನುವಾರ ಬೆಳಿಗ್ಗೆ ಅಮ್ಮನನ್ನು ಮೇಲೆ ಕುರ್ಚಿಯಲ್ಲಿ ಕೂರಿಸಿ, ಟೇಪಿನ ತುದಿ ಅವರ ಕೈಗೆ ಕೊಟ್ಟು, ನಾನು ಕೆಳಗೆ ಮೊಣಕಾಲ ಮೇಲೆ ಕೂತೆ, ಹತ್ತು ವರ್ಷದವಳ ಎತ್ತರಕ್ಕೆ.

"ಏನೇ ಇದು, ನೆರೆಯವರು ನೋಡ್ತಿದ್ದಾರೆ," ಎಂದರು ಅಮ್ಮ.

"ಗಟ್ಟಿಯಾಗಿ ಹಿಡ್ಕೋ ಅಮ್ಮ, ಅಳತೆ."

"ನಿಮ್ಮಪ್ಪನ್ನ ಕಟ್ಕೊಂಡು ನಲವತ್ತು ವರ್ಷ ಅಳತೇಲೇ ಕಳೆದೆ. ಊಟಕ್ಕೆ ಕೂತ್ರೂ ತಟ್ಟೆ ಮಟ್ಟವಾಗಿದೆಯಾ ಅಂತ ಬಗ್ಗಿ ನೋಡೋರು. ಈಗ ಇವಳದ್ದು ಶುರು."

ಸರಪಳಿಯನ್ನು ಇಳಿಜಾರಿನಲ್ಲಿ ಹಿಡಿಯುವ ಕ್ರಮ ನಿಮಗೆ ನಾನು ಹೇಳಬೇಕಾಗಿಲ್ಲ. ಕೆಳಗಿನವರು ಕೈಯೆತ್ತಿ ಅದನ್ನು ಮಟ್ಟವಾಗಿ ಹಿಡಿಯಬೇಕು; ನೆಲದ ಓರೆಗೆ ಬಿಟ್ಟರೆ ಅಂಕಿ ಉಬ್ಬುತ್ತದೆ. ಮೊಣಕಾಲ ಮೇಲೆ ಕೂತು ಎಷ್ಟು ಕೈಯೆತ್ತಿದರೂ ಟೇಪು ಓರೆಯಾಗೇ ಇತ್ತು. ಒಳಗೆ ಬಂದು ಬೆಟ್ಟದ ಇಳಿಜಾರಿಗೆ ಲೆಕ್ಕ ಹಾಕಿದೆ. ಓರೆಯಲ್ಲಿ ಮೂವತ್ತೇಳು ಎಂದರೆ ಮಟ್ಟದಲ್ಲಿ ಮೂವತ್ತೊಂದು. ಆರು ಸರಪಳಿ ಕಡಿಮೆ. ಕಮರಿಯ ಅಗಲ ಸರಿಯಾಗಿ ಆರು ಸರಪಳಿ.

ಹಾಗಾದರೆ ಮರ ಈಚೆ ದಡದಲ್ಲಿರಬೇಕು. ನನ್ನ ಕೈ ಮೇಲಕ್ಕೆ ಏಳದ್ದರಿಂದ ಕಮರಿ ಇಷ್ಟು ವರ್ಷ ತಪ್ಪಾಗಿ ಉಳಿದುಕೊಂಡಿದೆ. ಮರ ಸಿಕ್ಕಿದ ದಿನ ಅದು ಹೊರಗೆ ಹೋಗುತ್ತದೆ. ಆ ಮರ ಸಿಗಲಿ ಎಂದು ಹಾರೈಸಬೇಕೋ ಸಿಗದಿರಲಿ ಎಂದೋ ನನಗೆ ಗೊತ್ತಾಗುತ್ತಿಲ್ಲ. ಸಿಗದಿದ್ದರೂ ಪೆನ್ಸಿಲಿನ ಗೆರೆ ಕಾಯುತ್ತಿದೆ.

ನಮ್ಮ ಅಳತೆ ಉಪಕರಣದವರು ಇಬ್ಬರು ಈ ತಿಂಗಳ ಹನ್ನೆರಡಕ್ಕೆ ಅಲ್ಲಿಗೆ ಬರುತ್ತಾರೆ. ಗುರುತನ್ನು ಎತ್ತರದಲ್ಲಿ ಹುಡುಕಿ ಎಂದು ಹೇಳಿದ್ದೇನೆ. ಮೂವತ್ತಾರು ವರ್ಷದಲ್ಲಿ ಮರ ಎಷ್ಟು ಬೆಳೆದಿರಬೇಕು.

ನಿಮ್ಮ
ಅಂಕಿಪುಟ್ಟಿ


ಫೆಬ್ರವರಿ 20

ಅಂಕಿಪುಟ್ಟಿ,

ನಿನ್ನ ಕಡೆಯವರಿಬ್ಬರು ಬಂದಿದ್ದರು. ನಾಲ್ಕು ದಿನ ಈಚೆ ದಡದಲ್ಲಿ ಕತ್ತೆತ್ತಿಕೊಂಡು ತಿರುಗಿದರು. ದುರ್ಬೀನು ಬೇರೆ. ಕೊಂಬೆಯ ಮೇಲಿನ ಹಕ್ಕಿಗಳಿಗೆ ನಾಚಿಕೆಯಾಗುವಷ್ಟು ನೋಡಿದರು. ಕತ್ತು ನೋವು ಎಂದು ನನ್ನ ಹತ್ತಿರ ಎಣ್ಣೆ ಇಸಕೊಂಡು ಹೋದರು.

ಮಗಳೇ, ಮರ ತುದಿಯಲ್ಲಿ ಬೆಳೆಯುತ್ತದೆ. ಬುಡದಲ್ಲಿ ಮಾಡಿದ ಗಾಯ ಮಾಡಿದಲ್ಲೇ ಇರುತ್ತದೆ. ಮೇಲೆ ಹೋಗುವುದಿಲ್ಲ. ದಪ್ಪವಾಗುತ್ತ ತೊಗಟೆ ಅದನ್ನು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಅಷ್ಟು ದೊಡ್ಡ ಶಾಲೆಯಲ್ಲಿ ಇದನ್ನು ಹೇಳಿಕೊಡಲಿಲ್ಲವೇ?

ಓಣಿಯಲ್ಲಿ ಟೇಪು ಹಿಡಿದದ್ದನ್ನು ಬರೆದಿದ್ದೀಯ. ಓಣಿ ಓಣಿಯೇ, ಬೆಟ್ಟ ಬೆಟ್ಟವೇ. ಮೂವತ್ತೇಳು ಸರಿ. ಮರ ಆಚೆ ದಡದಲ್ಲಿದೆ. ನಾನು ನೋಡುತ್ತೇನೆ. ಇನ್ನು ಯಾರನ್ನೂ ಕಳಿಸಬೇಡ.

ಸರಪಳಿ ಮಾವ


ಫೆಬ್ರವರಿ 27

ಮಾವ,

ಮರದ ವಿಷಯದಲ್ಲಿ ನಾನು ಮಾಡಿದ್ದು ಪೆದ್ದುತನ. ಉಪಕರಣದವರು ಈಗ ಕ್ಯಾಂಟೀನಿನಲ್ಲಿ ನನ್ನನ್ನು ನೋಡಿದರೆ ಸೂರು ನೋಡುತ್ತಾರೆ.

ಆದರೆ ಎರಡನೇ ಸಲ ನೀವು "ಸರಿ" ಎಂದು ಬರೆದಿದ್ದೀರಿ, ಹೇಗೆ ಸರಿ ಎಂದು ಬರೆದಿಲ್ಲ. ಲೆಕ್ಕದಲ್ಲಿ ಅದು ಸರಿಯಾಗಲು ಸಾಧ್ಯವಿಲ್ಲ. ನಾನು ಹತ್ತು ಸಲ ಹಾಕಿ ನೋಡಿದ್ದೇನೆ. ನೀವು ಅಪ್ಪನ ಸಹಿಯನ್ನು ಕಾಪಾಡುತ್ತಿದ್ದೀರಿ ಎಂದು ನನಗೆ ಅನ್ನಿಸುತ್ತಿದೆ. ಅವರು ಪರೀಕ್ಷಿಸದೆ ಸಹಿ ಹಾಕಿದರೇ? ಊಟದ ತಟ್ಟೆಯ ಮಟ್ಟ ನೋಡುತ್ತಿದ್ದ ಮನುಷ್ಯ?

ಇಷ್ಟು ವರ್ಷ ಯಾರಿಗೂ ಹೇಳದ ಮಾತೊಂದನ್ನು ಬರೆಯುತ್ತೇನೆ. ಆ ಬೇಸಿಗೆಯ ನಂತರ ಅಪ್ಪ ನನ್ನನ್ನು ಎಂದೂ ಬೆಟ್ಟಕ್ಕೆ ಕರೆದುಕೊಂಡು ಹೋಗಲಿಲ್ಲ. ಮುಂದಿನ ವರ್ಷ ರಜೆ ಬಂದಾಗ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. "ನೀನು ಬೇಡ" ಎಂದರು, ಅಷ್ಟೇ. ಕಾರಣ ಕೇಳುವ ಮನೆಯಾಗಿರಲಿಲ್ಲ ನಮ್ಮದು. ನಾನೇನೋ ಕೆಡಿಸಿದ್ದೇನೆ ಎಂದುಕೊಂಡೆ, ಏನೆಂದು ಗೊತ್ತಿರಲಿಲ್ಲ. ಓಣಿಯಲ್ಲಿ ಮೊಣಕಾಲೂರಿ ಕೂತ ದಿನ ಗೊತ್ತಾಯಿತು.

ಅದಕ್ಕೇ ನಿನ್ನೆ ಮುಖ್ಯಸ್ಥೆಯ ಕೋಣೆಗೆ ಹೋಗಿ ಹೇಳಿಬಿಟ್ಟೆ. ಈ ಪುಟ ಬರೆದದ್ದು ಹತ್ತು ವರ್ಷದ ಹುಡುಗಿ, ಸರಪಳಿ ಹಿಡಿದದ್ದೂ ಅವಳೇ, ಆ ಹುಡುಗಿ ನಾನೇ ಎಂದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಪ್ಪತ್ತು ವರ್ಷದಿಂದ ನನ್ನ ಕೈಕೆಳಗೆ ಇದ್ದೀರಿ. ಒಂದು ದಿನ ಸುಳ್ಳು ಹೇಳೋಕೆ ಕಲಿಯೋಕಾಗಲಿಲ್ವಾ?" ಎಂದರು. ಆಮೇಲೆ ಪುಟದ ಅಂಚಿನಲ್ಲಿ "ಆಧಾರವಲ್ಲ" ಎಂದು ಬರೆದರು.

ಈಗ ಅಂಕಿ ಇಲ್ಲ. ಮರ ಒಂದೇ.

ಆಚೆ ದಡದಲ್ಲಿದೆ ಎನ್ನುತ್ತೀರಿ. ಆಚೆ ದಡಕ್ಕೆ ನಮ್ಮ ಸರಪಳಿ ಹೋಗಿರಲೇ ಇಲ್ಲ. ನಡುವೆ ನೀರು ದಾಟಿದ್ದು ನನಗೆ ನೆನಪಿಲ್ಲ. ದಯವಿಟ್ಟು ನನಗೆ ಸಮಾಧಾನ ಹೇಳಬೇಡಿ. ನಿಜ ಹೇಳಿ.

ನಿಮ್ಮ
ಸರ್ವೇಯರ ಮಗಳು


ಮಾರ್ಚ್ 20

ಮೇಡಂ ಅವರಿಗೆ,

ನಾನು ಗೋಪುರದ ದಾರಿಯ ಅಂಚೆಯವಳು. ಎರಡು ವಾರಕ್ಕೊಂದು ಗುರುವಾರ ಮೇಲೆ ಹೋಗುತ್ತೇನೆ. ಅಜ್ಜನಿಗೆ ಹೇಳದೆ ಇದನ್ನು ಬರೆಯುತ್ತಿದ್ದೇನೆ, ತಪ್ಪಾದರೆ ಕ್ಷಮಿಸಿ.

ನಿಮ್ಮ ಪತ್ರಗಳನ್ನು ಅವರು ಓದುವುದಿಲ್ಲ. ನಾನು ಓದಿ ಹೇಳುತ್ತೇನೆ. ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದಿದೆ. ದೂರದಲ್ಲಿ ಬೆಳ್ಳಗೆ ಕಾಣುವುದು ಹೊಗೆಯೋ ಮೋಡವೋ ಗೊತ್ತಾಗುವುದಿಲ್ಲ. ಮೂಗಿನಿಂದ ಕಾಡು ಕಾಯುತ್ತಿದ್ದಾರೆ. ಬೆಂಕಿಯ ವಾಸನೆ ಅವರಿಗೆ ಎಲ್ಲರಿಗಿಂತ ಮೊದಲು ಸಿಗುತ್ತದೆ, ಅದು ನಿಜ. ಆದರೆ ಗಾಳಿ ಎದುರಾದ ದಿನ ಏನು ಗತಿ? ಮೇಲಿನವರಿಗೆ ಗೊತ್ತಾದರೆ ಗೋಪುರ ಬಿಡಿಸುತ್ತಾರೆಂದು ಯಾರಿಗೂ ಹೇಳಿಲ್ಲ. ನಿಮಗೆ ಕಳಿಸಿದ ಎರಡು ಪತ್ರ ಬರೆಯಲು ಅವರಿಗೆ ಒಂದೊಂದಕ್ಕೆ ಎರಡು ದಿನ ಹಿಡಿಯಿತು. ನಾನು ಬರೆದುಕೊಡುತ್ತೇನೆ ಎಂದರೆ, "ಅವಳು ಅಂಕಿ ನೋಡೋಳು, ಬೇರೆ ಕೈಬರಹ ಅಂತ ಹಿಡಿದುಬಿಡ್ತಾಳೆ" ಎಂದರು.

ಕಳೆದ ಸಲ ನಿಮ್ಮ ಪತ್ರ ಓದಿದೆ. "ನೀನು ಬೇಡ" ಎನ್ನುವ ಸಾಲು ಬಂದಾಗ ಇನ್ನೊಮ್ಮೆ ಓದು ಎಂದರು. ಅವತ್ತಿನಿಂದ ದಿನಾ ಹಗ್ಗ ಹಿಡಿದು ಕಮರಿಯ ಆಚೆ ದಡಕ್ಕೆ ಹೋಗುತ್ತಿದ್ದಾರಂತೆ. ಒಂದೊಂದು ಮರವನ್ನೂ ಕೈಯಲ್ಲಿ ತಡವಿ ನೋಡುತ್ತಾರೆ. ಎಪ್ಪತ್ತೊಂದು ವರ್ಷ. ಇವತ್ತು ಅವರ ಬೆರಳ ತುದಿಗಳೆಲ್ಲ ಸುಲಿದಿದ್ದವು. ನೀವಾದರೂ ಬೇಡ ಎಂದು ಹೇಳಿ.

ಅಂಚೆಯವಳು


ಮಾರ್ಚ್ 26

ಮಾವ,

ಬೇಡ. ಗೆರೆ ಎಲ್ಲಿಗೆ ಬೇಕಾದರೂ ಹೋಗಲಿ. ನೀವು ಕಮರಿಗೆ ಇಳಿಯಬೇಡಿ.

ದೊಡ್ಡ ಅಕ್ಷರ ನೋಡಿ ಅವಸರ ಎಂದುಕೊಂಡೆ. ನಾಲ್ಕು ಸಾಲು ನೋಡಿ ಬೇಸರ ಎಂದುಕೊಂಡೆ. ದಿನವಿಡೀ ಬೇರೆಯವರ ಗೆರೆಗಳನ್ನು ಓದುವುದೇ ನನ್ನ ಉದ್ಯೋಗ.

ಇದನ್ನು ಓದಿ ಹೇಳುತ್ತಿರುವವರ ಮೇಲೆ ಕೋಪಿಸಿಕೊಳ್ಳಬೇಡಿ.

ಅಂಕಿಪುಟ್ಟಿ


ಏಪ್ರಿಲ್ 3

ಅಂಕಿಪುಟ್ಟಿಗೆ,

ಇದು ಅಂಚೆಯಕ್ಕನ ಕೈಬರಹ, ನನ್ನ ಬಾಯಿ. ನಾನು ಹೇಳಿದ ಹಾಗೇ ಬರೀಬೇಕು, ತಿದ್ದಬಾರದು ಅಂತ ಹೇಳಿದ್ದೀನಿ. (ತಿದ್ದುತ್ತಿಲ್ಲ ಮೇಡಂ.) ಇವಳು ನಿನಗೆ ಗುಟ್ಟಾಗಿ ಬರೆದದ್ದು ನನಗೆ ಗೊತ್ತಾಯ್ತು. ನಿನ್ನ ಪತ್ರ ಓದುವಾಗ ಕೊನೇ ಸಾಲನ್ನ ನುಂಗಿದಳು. ಕಣ್ಣು ಹೋದ್ರೂ ಕಿವಿ ಇದೆ ಅಂದೆ. ಓದಿದಳು.

ಮರ ಸಿಕ್ಕಿತು.

ನಿಜ ಹೇಳಿ ಅಂದಿದ್ದೀಯ. ಹೇಳ್ತೀನಿ. ನಿಂಗೆ ಹೇಳಲ್ಲ ಅಂತ ನಿಮ್ಮಪ್ಪಂಗೆ ಕೊಟ್ಟ ಮಾತು ಮುರೀತಿದ್ದೀನಿ, ಅದು ನನ್ನ ತಲೆ ಮೇಲಿರಲಿ.

ಅವತ್ತು ನೀನು ಸರಪಳಿ ಎತ್ತಿ ಹಿಡೀಲಿಲ್ಲ. ನಾನು ಮೇಲಿಂದ ನೋಡ್ತಿದ್ದೆ. ಐದನೇ ಸರಪಳಿಗೇ ನಿನ್ನ ಕೈ ನಡುಗ್ತಿತ್ತು. ನಾನು ಬಿಡು ಪುಟ್ಟಿ ಅಂದ್ರೆ, ಬಿಡಲ್ಲ, ನಾನೇ ಎಣಿಸ್ತೀನಿ ಅಂದೆ. ಹಲ್ಲು ಕಚ್ಚಿಕೊಂಡು ಮೂವತ್ತೇಳು ಎಣಿಸಿದೆ. ನಂಗೆ ತಪ್ಪು ಅಂತ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಮೊದಲನೇ ತಪ್ಪು ನಂದು. ಈಚೆ ದಡದಲ್ಲಿ ಒಂದು ಗೂಟ ಹೊಡೆದು ಡೇರೆಗೆ ಬಂದ್ವಿ. ನೀನು ಪುಸ್ತಕ ಇಸಕೊಂಡು ಬರೆದೆ. ಅಷ್ಟು ನೀಟಾಗಿ ಬರೆದೆ, ನಾಲಿಗೆ ಹೊರಗೆ ಹಾಕ್ಕೊಂಡು. ಬರೆದವಳು ಅಲ್ಲೇ ಮಲಗಿಬಿಟ್ಟೆ.

ನಿಮ್ಮಪ್ಪ ಪುಟ ನೋಡಿದ್ರು. ಒಂದೇ ನೋಟಕ್ಕೆ ಗೊತ್ತಾಯ್ತು ಅವರಿಗೆ. "ಇದು ಮೂವತ್ತೊಂದಿರಬೇಕಲ್ಲೋ" ಅಂದ್ರು. ನಾನು ಹೌದು ಸ್ವಾಮಿ ಅಂದೆ. ಪೆನ್ನು ತೆಗೆದ್ರು, ಹೊಡೆದುಹಾಕೋಕೆ. ನೀನು ಮಲಗಿದ್ದ ಕಡೆ ನೋಡಿದ್ರು. ಆಮೇಲೆ ಪೆನ್ನು ಮುಚ್ಚಿಟ್ಟು, "ಆದೇಶದಲ್ಲಿ ಏನಿದೆ, ಓದು" ಅಂದ್ರು. ಆ ಕಚೇರಿ ಭಾಷೆ ನಂಗೆಲ್ಲಿ ಬರುತ್ತೆ, ಅವರೇ ಓದಿದ್ರು. ಕಮರಿಯ ಈಚೆಗೋ ಆಚೆಗೋ, ಸರ್ವೇಯರು ನೋಡಿ ತಕ್ಕ ಕಡೆ ಗುರುತು ಮಾಡತಕ್ಕದ್ದು, ಅಂತ. "ಹಾಗಾದ್ರೆ ಅವಳ ಅಂಕಿ ಹೊಡೆದುಹಾಕೋದು ಬೇಡ. ನಾವೇ ಆರು ಸರಪಳಿ ಮುಂದೆ ಹೋಗೋಣ" ಅಂದ್ರು.

ಮಾರನೇ ದಿನ ಬೆಳಿಗ್ಗೆ ಗೂಟ ಕಿತ್ವಿ. ನಾವಿಬ್ಬರೇ ಮೇಲಿಂದ ಮತ್ತೆ ಮಟ್ಟವಾಗಿ ಅಳೆದ್ವಿ. ಕಮರಿ ಇಳಿದು, ನೀರು ದಾಟಿ, ಆಚೆ ದಡ ಹತ್ತಿದಾಗ ಮೂವತ್ತೇಳು ತುಂಬಿತು. ಅಲ್ಲಿ ಒಂದು ಕರಿತೊಗಟೆ ಮರ. ಗುರುತು ಹಾಕುವಾಗ ಅವಳು ಇರಬೇಕು ಅಂತ ನನ್ನನ್ನ ವಾಪಸ್ ಕಳಿಸಿದ್ರು. ನೀನು ಎದ್ದಿರಲಿಲ್ಲ. ಹಾಗೇ ಎತ್ತಿ ಹೆಗಲ ಮೇಲೆ ಹಾಕ್ಕೊಂಡು ಬಂದೆ. ಗಾಳೀಲಿ ತೇಲಿದ ಹಾಗೆ, ಕೆಳಗೆ ನೀರು ಅಂತ ಬರೆದಿದ್ದೆಯಲ್ಲ. ಅದು ಕನಸಲ್ಲ ಮಗಳೇ. ನನ್ನ ಹೆಗಲು.

ಇಪ್ಪತ್ತು ದಿನ ಹುಡುಕಿದೆ. ನಿಮ್ಮಪ್ಪ ಎಲ್ಲಾ ಮರಕ್ಕೂ ಅವರ ತಲೆ ಮಟ್ಟಕ್ಕೇ ಗುರುತು ಹಾಕ್ತಿದ್ರು. ನಾನು ಆ ಎತ್ತರದಲ್ಲೇ ತಡವ್ತಾ ಇದ್ದೆ. ಒಂದೂ ಸಿಗಲಿಲ್ಲ. ನಂಗೂ ಅನುಮಾನ ಬಂತು, ಮುದುಕ ನಾನೇ ಕನಸು ಕಂಡೆನಾ ಅಂತ. ಹೋದ ಸಲ ಇವಳು ಬಂದಾಗ ನಿನ್ನ ಮೊದಲನೇ ಪತ್ರ ಇನ್ನೊಂದ್ಸಲ ಓದು ಅಂದೆ. ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದೆ, ತಲೆ ಮೇಲೆ ಅಂಗೈ. ಆಗ ಹೊಳೀತು. ಇದೊಂದು ಗುರುತು ಅವರು ನಿನ್ನ ತಲೆಗೆ ಸರಿಯಾಗಿ ಹಾಕಿದ್ರು. ಅಷ್ಟು ಕೆಳಗೆ ಯಾವ ಸರ್ವೇಯರೂ ಹಾಕಲ್ಲ, ಅದಕ್ಕೇ ಯಾರಿಗೂ ಸಿಗಲಿಲ್ಲ. ಮೊಣಕಾಲ ಮೇಲೆ ಕೂತು ಮತ್ತೆ ಮೊದಲಿಂದ ತಡವ್ತಾ ಬಂದೆ. ಹನ್ನೊಂದನೇ ಮರ. ತೊಗಟೆ ತುಟಿ ಬಿಗಿದ ಹಾಗೆ ಮುಚ್ಚಿಕೊಂಡಿದೆ, ಒಂದು ಬೆರಳು ತೂರುತ್ತೆ. ಒಳಗೆ ಬಾಣ ಇದೆ. ಬಾಣದ ಕೆಳಗೆ ಏಳು. ಏಳಕ್ಕೆ ಅಡ್ಡಗೆರೆ.

ನೀನು ಬೇಡ ಅಂತ ನಿಲ್ಲಿಸಿಬಿಟ್ರು ಅಂದೆಯಲ್ಲ. ಮುಂದಿನ ವರ್ಷ ನಾನೇ ಕೇಳಿದ್ದೆ, ಪುಟ್ಟಿ ಎಲ್ಲಿ ಸ್ವಾಮಿ ಅಂತ. ಅವರು ನಗಲಿಲ್ಲ, ಆದ್ರೆ ಮೀಸೆ ಅಲ್ಲಾಡ್ತು. "ಬೇಡಪ್ಪ. ಹೋದ ಸಲ ಗಡಿ ಜರುಗಿಸಿದೆ. ಇನ್ನೊಂದ್ಸಲ ಅವಳನ್ನ ಕರ್ಕೊಂಡು ಬಂದ್ರೆ ಬೆಟ್ಟಾನೇ ಜರುಗಿಸಬೇಕಾಗುತ್ತೆ" ಅಂದ್ರು.

ಇಷ್ಟೇ. ಅಂಚೆಯಕ್ಕ ಮೂಗು ಒರೆಸ್ಕೋತಿದ್ದಾಳೆ, ಹಾಳೆ ಒದ್ದೆಯಾಗಿದ್ರೆ ಅದು ಮಂಜಲ್ಲ. (ಮಂಜೇ ಮೇಡಂ.)

ಸರಪಳಿ ಮಾವ


ಏಪ್ರಿಲ್ 13

ಮಾವ,

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಬೆಟ್ಟ ಜರುಗಿಸುವ ಮಾತಿಗೆ ಬಂದಾಗ ಅಮ್ಮ, "ನಂಗೆ ಒಂದು ಕಪಾಟು ಜರುಗಿಸಿಕೊಡಿ ಅಂತ ಹನ್ನೆರಡು ವರ್ಷ ಕೇಳಿದೆ" ಎಂದರು. ಆಮೇಲೆ ಎದ್ದು ಒಳಗೆ ಹೋದರು.

ಉಪಕರಣದವರು ಮೊನ್ನೆ ಬಂದು ಹೋದದ್ದು ನಿಮಗೆ ಗೊತ್ತೇ ಇದೆ. ಈ ಸಲ ಬಗ್ಗಿ ನೋಡಿದರಂತೆ. ಬಿರುಕಿಗೆ ದೀಪ ಹಿಡಿದು ತೆಗೆದ ಚಿತ್ರದಲ್ಲಿ ಬಾಣವೂ ಏಳೂ ಸ್ಪಷ್ಟವಾಗಿವೆ. ಕಲ್ಲುಗುಪ್ಪೆಯಿಂದ ಮಟ್ಟದ ದೂರ ಮೂವತ್ತೇಳು ಸರಪಳಿ, ಒಂದು ಗೇಣು ಕಡಿಮೆ. ಆ ಗೇಣು ಮರ ದಪ್ಪವಾದದ್ದು ಎಂದು ಬರೆದಿದ್ದಾರೆ.

ಮುಖ್ಯಸ್ಥೆಗೆ ಎಲ್ಲವನ್ನೂ ಹೇಳಿದೆ, ಆರು ಸರಪಳಿಯ ಕಥೆಯನ್ನೂ. ಹೇಳದೆ ಇರಬಹುದಿತ್ತು, ಮರವೂ ಅಂಕಿಯೂ ಒಪ್ಪಿದ ಮೇಲೆ ಯಾರೂ ಕೇಳುತ್ತಿರಲಿಲ್ಲ. ಅವರು ಹಳೆಯ ಆದೇಶ ತರಿಸಿ ಓದಿದರು. ನೀವು ಹೇಳಿದ ಸಾಲು ಹಾಗೇ ಇತ್ತು. "ಸರ್ವೇಯರಿಗೆ ಬಿಟ್ಟಿದ್ದಾರೆ. ಅವರು ಮರ ಗುರುತಿಸಿದ್ದಾರೆ. ಯಾಕೆ ಅಂತ ಮರ ಹೇಳಲ್ಲ, ನಾವೂ ಕೇಳಲ್ಲ" ಎಂದರು. ಪೆನ್ಸಿಲಿನ ಗೆರೆಯನ್ನು ಅಳಿಸಿದವರು ಅವರೇ. ರಬ್ಬರಿನ ಪುಡಿಯನ್ನು ಊದಿ, ಇಂಕಿನ ಪೆನ್ನನ್ನು ನನ್ನ ಕಡೆ ತಳ್ಳಿದರು. ಆಚೆ ದಡದ ಗೆರೆಯನ್ನು ಎಳೆದದ್ದು ನಾನು. ಕೈ ನಡುಗಲಿಲ್ಲ.

ಅಪ್ಪ ಆರು ಸರಪಳಿ ಮುಂದೆ ಹೋದದ್ದು ನನಗಾಗಿಯೋ, ಕಮರಿಗಾಗಿಯೋ? ಕಮರಿಯಿಂದಲೇ ಕಾಡು ಮೇಲೆ ಹತ್ತಿತು ಎಂದು ತಿಳಿದಿದ್ದ ಮನುಷ್ಯ. ನನ್ನ ತಪ್ಪು ಅವರಿಗೊಂದು ನೆಪವಾಗಿ ಒದಗಿತೋ, ಕಮರಿ ಒದಗಿತೋ. ಮೊದಲಾಗಿದ್ದರೆ ಇದನ್ನು ಬಿಡಿಸದೆ ನನಗೆ ನೆಮ್ಮದಿಯಿರುತ್ತಿರಲಿಲ್ಲ. ಈಗ ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡುತ್ತೇನೆ, ಆ ನಾಲ್ಕು ಹಾಳೆಗಳ ಹಾಗೆ. ಎರಡೂ ಕಾಣುತ್ತವೆ.

ಇನ್ನು ನೀವು ಮುಚ್ಚಿಟ್ಟ ಅಂಕಿಯ ವಿಷಯ. ನಿಮ್ಮ ಕಣ್ಣಿನ ಬಗ್ಗೆ ಗೋಪುರದವರಿಗೆ ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ನೀವೇ ಹೇಳಬೇಕು. ಗಾಳಿ ಎದುರಾದ ದಿನ ಕಮರಿ ಸುಟ್ಟರೆ ಈ ಗೆರೆ ಯಾರಿಗೆ? ಪೊರೆ ತೆಗೆಯುವುದು ಅರ್ಧ ಗಂಟೆಯ ಕೆಲಸವಂತೆ. ಇಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಕಣ್ಣಿನ ಆಸ್ಪತ್ರೆ ಇದೆ, 22ಕ್ಕೆ ಹೆಸರು ಬರೆಸಿದ್ದೇನೆ. ನಿಮಗೆ ಅಮ್ಮ ಮುಂದಿನ ಕೋಣೆಯನ್ನು ಗುಡಿಸಿಟ್ಟಿದ್ದಾರೆ, ಕಪಾಟನ್ನೂ ಕೊನೆಗೆ ಜರುಗಿಸಿದ್ದಾರೆ. ಬರುವುದಿಲ್ಲ ಎಂದು ನೀವು ಪತ್ರ ಬರೆದು, ಅದು ನನಗೆ ತಲುಪಿ, ನಾನು ಉತ್ತರ ಬರೆಯುವಷ್ಟು ಸಮಯ ನಿಮಗೆ ಕೊಡಬಾರದೆಂದು ಒಂದು ಉಪಾಯ ಮಾಡಿದ್ದೇನೆ.

ಈ ಪತ್ರವನ್ನು ಇವತ್ತು ಅಂಚೆಗೆ ಹಾಕುವುದಿಲ್ಲ. ಮುದ್ರಣಕ್ಕೆ ಮುಂಚೆ ತೆಗೆದ ನಕ್ಷೆಯ ಕರಡು ಪ್ರತಿಯ ಜೊತೆ ಚೀಲದಲ್ಲಿ ಇಟ್ಟುಕೊಂಡು ಬೆಟ್ಟದ ಬುಡದವರೆಗೆ ತರುತ್ತೇನೆ. ಅಲ್ಲಿನ ಡಬ್ಬಿಗೆ ಹಾಕಿ, ಅಂಚೆಯಕ್ಕ ಅದನ್ನು ತೆಗೆದುಕೊಳ್ಳುವವರೆಗೆ ಪಕ್ಕದಲ್ಲೇ ಕಾದು, ಅವರ ಗಾಡಿಯಲ್ಲೇ ಮೇಲೆ ಬರುತ್ತೇನೆ. ಈ ಸಲ ಓದಿ ಹೇಳುವವಳು ನಾನು. ಆಸ್ಪತ್ರೆಗೆ ಹೊರಡುವ ಮೊದಲು ಕಮರಿಯ ಆಚೆ ದಡಕ್ಕೆ ಕರೆದುಕೊಂಡು ಹೋಗಿ. ನಾನು ನಿಮ್ಮ ಕೈ ಹಿಡಿದಿರುತ್ತೇನೆ, ದಾರಿ ನೀವು ಹೇಳಿ. ಆ ಮರಕ್ಕೆ ಬೆನ್ನು ಕೊಟ್ಟು ಕೂತರೆ ತಲೆ ಎಲ್ಲಿಗೆ ಬರುತ್ತದೆ ಎಂದು ನೋಡಬೇಕು.

ಅಂಚೆಗೆ ಹಾಕುವುದು ಏಪ್ರಿಲ್ 17, ಗುರುವಾರ.